ಹಾಸಿಗೆ ಅಂಗಡಿ ಕೇಸು

ಹುಡುಗಿ ಕಾರಿನೊಳಗೆ ಕೂತವಳೇ, ಯಾರೂ ಹೇಳದೆ, ಸೀಟು ಬೆಲ್ಟು ಎಳೆದು ಕಟಕ್ ಎಂದು ಹಾಕಿಕೊಂಡಳು. ಎಲ್ಲ ತೊಂದರೆಯೂ ಶುರುವಾದದ್ದು ಅಲ್ಲಿಂದಲೇ.

ಡ್ರೈವಿಂಗ್ ಮೇಷ್ಟ್ರ ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಹಾಗೆ ಮಾಡಿದ ಶಿಷ್ಯರು ಒಬ್ಬರೂ ಇರಲಿಲ್ಲ. ಬೆಲ್ಟು ಎಂದರೆ ಪೊಲೀಸರು ಕಂಡಾಗ ಎದೆಗೆ ಅಡ್ಡ ಹಿಡಿದುಕೊಳ್ಳುವ ಪಟ್ಟಿ ಎಂದೇ ಅವರು ಕಲಿಸಿಕೊಂಡು ಬಂದಿದ್ದರು. ಅವರ ತರಬೇತಿಯೂ ಅಷ್ಟೇ ಸರಳ: ಪಾರ್ಕಿನ ಸುತ್ತ ಒಂದು ರೌಂಡು, ಪೆಟ್ರೋಲ್ ಬಂಕಿನ ತನಕ ಹೋಗಿ ವಾಪಸ್. ಅಷ್ಟರಲ್ಲಿ ಅವರದೊಂದು ಸಣ್ಣ ನಿದ್ದೆ ಮುಗಿಯುತ್ತಿತ್ತು. ಆಮೇಲೆ ಸಹಿ.

ಈ ಹುಡುಗಿ ಬಂದದ್ದು ಕೋರ್ಟಿನಿಂದ. ಹತ್ತೊಂಬತ್ತು ವರ್ಷ. ಲೈಸೆನ್ಸ್ ಬಂದ ಹನ್ನೊಂದನೇ ದಿನ, ಮುಂದಕ್ಕೆ ಹೋಗಬೇಕಾದವಳು ಹಿಂದಕ್ಕೆ ಹೋಗಿ, ಗಾಜು ಒಡೆದುಕೊಂಡು ಒಂದು ಹಾಸಿಗೆ ಅಂಗಡಿಯ ನಟ್ಟನಡುವೆ ನಿಂತಿದ್ದಳು. ಅಂಗಡಿ ಹಾಸಿಗೆಯದಾದ್ದರಿಂದ ಯಾರಿಗೂ ಪೆಟ್ಟಾಗಿರಲಿಲ್ಲ. ನ್ಯಾಯಾಧೀಶೆ, "ಎಳೆಯ ವಯಸ್ಸು, ಜೈಲಿಗೆ ಹಾಕಿದರೆ ಗಾಡಿ ಓಡಿಸೋದು ಬರಲ್ಲ" ಎಂದು ಹೇಳಿ ತರಬೇತಿಯ ಶಿಕ್ಷೆ ಕೊಟ್ಟಿದ್ದರು. ಕಲಿಸಿದ ಮೇಷ್ಟ್ರು ಅದೇ ದಿನ ಸಂಜೆ ಐದಕ್ಕೆ ಖುದ್ದಾಗಿ ಬಂದು, ಇವಳಿಗೆ ಬರುತ್ತದೆ ಎಂದು ಹೇಳಿ ಸಹಿ ಹಾಕಬೇಕು.

"ಸರ್, ನಿಮ್ಮ ಕಡೆ ಇರೋ ಬ್ರೇಕು ಯಾವಾಗ ಚೆಕ್ ಮಾಡಿಸಿದ್ರಿ?" ಹುಡುಗಿ ಕೇಳಿದಳು.

ಮೇಷ್ಟ್ರು ಬಗ್ಗಿ ನೋಡಿದರು. ಅವರ ಕಾಲಬುಡದ ಬ್ರೇಕಿನ ಮೇಲೆ ಅವರ ಛತ್ರಿ, ಚಪ್ಪಲಿ, ಊಟದ ಡಬ್ಬಿ ಮೂರೂ ಸಂಸಾರ ಹೂಡಿದ್ದವು.

"ಈಗ ಬಂದೆ, ಕೂತಿರಮ್ಮ" ಎಂದು ಅವರು ಇಳಿದು ಪಕ್ಕದ ಕ್ಷೌರದಂಗಡಿಗೆ ನುಗ್ಗಿ ನಡೆದದ್ದನ್ನೆಲ್ಲ ಹೇಳಿದರು.

ಕ್ಷೌರಿಕ ಒಬ್ಬ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಾಗಿಲಿಗೆ ಬಂದು ಇಣುಕಿದ. "ಮೇಷ್ಟ್ರೇ, ಹಾಸಿಗೆ ಅಂಗಡಿಗೆ ನುಗ್ಗೋಳು ಬೆಲ್ಟ್ ಹಾಕ್ಕೋತಾಳಾ? ಬ್ರೇಕಿನ ಲೆಕ್ಕ ಕೇಳ್ತಾಳಾ? ಇದು ವೇಷ. ಗುಪ್ತವಾಗಿ ಬಂದಿರೋ ಇನ್‌ಸ್ಪೆಕ್ಟರು."

"ಇಷ್ಟು ಚಿಕ್ಕ ವಯಸ್ಸಿಗೆ?"

"ಚಿಕ್ಕವರನ್ನೇ ಕಳಿಸ್ತಾರೆ. ದೊಡ್ಡವರು ಬಂದ್ರೆ ನಿಮಗೆ ಅನುಮಾನ ಬರಲ್ವಾ?"

ಎದುರಿನ ಜೆರಾಕ್ಸ್ ಅಂಗಡಿಯ ಅಕ್ಕ ಆಗಲೇ ರಸ್ತೆ ದಾಟಿ ಬಂದಿದ್ದಳು. ಹುಡುಗಿಯ ಕೋರ್ಟ್ ಆರ್ಡರಿನ ಪ್ರತಿ ಮಾಡಿಕೊಟ್ಟವಳೇ ಅವಳು. "ಮೇಷ್ಟ್ರೇ, ನಾನು ದಿನಕ್ಕೆ ನೂರು ಸೀಲು ನೋಡೋಳು. ಒಂದೂ ನೆಟ್ಟಗೆ ಬಿದ್ದಿರಲ್ಲ. ಇವಳ ಕಾಗದದ ಸೀಲು ಹುಣ್ಣಿಮೆ ಚಂದ್ರ ಇದ್ದಂಗೆ ಗುಂಡಗಿದೆ. ಇದರಲ್ಲಿ ಏನೋ ಇದೆ."

ಅರ್ಧ ಗಡ್ಡದ ಗಿರಾಕಿಯೂ ಕುರ್ಚಿಯಿಂದಲೇ, "ನನ್ನ ಭಾಮೈದನ ಊರಲ್ಲಿ ಹೀಗೇ ಒಬ್ಬಳು ಬಂದು ಮೂರು ಡ್ರೈವಿಂಗ್ ಶಾಲೆ ಮುಚ್ಚಿಸಿದ್ಲು" ಎಂದು ಬಿಟ್ಟ.

ಮೇಷ್ಟ್ರಿಗೆ ಮನೆ ನೆನಪಾಯಿತು. ಮನೆಯಲ್ಲಿ ಓದುವ ಇಬ್ಬರು ಮಕ್ಕಳು. ತಮಗೆ ಬರುವ ವಿದ್ಯೆ ಇದೊಂದೇ, ಅದೂ ಅರ್ಧ. ಅವರು ಹೊರಗೆ ಬಂದು ಕಾರಿನ ಬಾಗಿಲು ತೆರೆದರು. ಅಷ್ಟರಲ್ಲಿ 'ಅಮ್ಮ' ಹೋಗಿ 'ಮೇಡಂ' ಆಗಿತ್ತು.

"ಮೇಡಂ, ಇಳೀರಿ. ಇವತ್ತು ಮೊದಲಿಂದ ಶುರು ಮಾಡೋಣ."

ಮೆಕ್ಯಾನಿಕ್ ಬಂದು ಬ್ರೇಕು ಸರಿ ಮಾಡಿದ. ಪ್ರಥಮ ಚಿಕಿತ್ಸೆಯ ಡಬ್ಬಿ ತೆರೆದರೆ ಒಂದು ಬಾಚಣಿಗೆ, ಎರಡು ಸತ್ತ ಬ್ಯಾಟರಿ. ಮೇಷ್ಟ್ರೇ ಔಷಧದಂಗಡಿಗೆ ಓಡಿ ಹತ್ತಿ, ಪಟ್ಟಿ ತಂದರು. ಎಂಜಿನ್ ತೋರಿಸೋಣವೆಂದರೆ ಬಾನೆಟ್ಟು ಏಳಲಿಲ್ಲ. ಕ್ಷೌರಿಕ, ಅಕ್ಕ, ಮೆಕ್ಯಾನಿಕ್, ಅರ್ಧ ಗಡ್ಡದವನು ಎಲ್ಲರೂ ಸೇರಿ ಎಳೆದಾಗ ಅದು ಮುನಿಸಿಕೊಂಡ ಮಾವನ ಬಾಯಿಯಂತೆ ಕಿರುಗುಟ್ಟುತ್ತಾ ತೆರೆಯಿತು.

"ಇದು ಏನು ಸರ್?" ಹುಡುಗಿ ಒಂದು ಮುಚ್ಚಳ ತೋರಿಸಿದಳು.

ಮೇಷ್ಟ್ರಿಗೆ ಗೊತ್ತಿರಲಿಲ್ಲ. "ನೋಡಿ, ಪರೀಕ್ಷೆ ಮಾಡ್ತಿದಾಳೆ" ಎಂದು ಕ್ಷೌರಿಕ ಕಿವಿಯಲ್ಲಿ ಉಸುರಿದ. ಮೆಕ್ಯಾನಿಕ್ ಹೇಳಿಕೊಟ್ಟದ್ದನ್ನು ಮೇಷ್ಟ್ರು ದೊಡ್ಡ ದನಿಯಲ್ಲಿ ಒಪ್ಪಿಸಿದರು. ಹುಡುಗಿಯ ಜೊತೆ ಅವರೂ ಕಲಿತರು.

ರಸ್ತೆಗೆ ಇಳಿದಾಗ ಹನ್ನೊಂದೂವರೆ. ಮೇಷ್ಟ್ರ ಕಣ್ಣು ಎಂದೂ ಇಲ್ಲದಷ್ಟು ತೆರೆದಿತ್ತು. ಜೀಬ್ರಾ ಪಟ್ಟೆಯ ಬಳಿ ಒಬ್ಬ ಅಜ್ಜ ನಿಂತಿದ್ದ.

"ನಿಲ್ಲಿಸಿ ಮೇಡಂ! ಪಾದಚಾರಿ ಮೊದಲು."

ಕಾರು ನಿಂತಿತು. ಅಜ್ಜ ದಾಟಲಿಲ್ಲ. ಹಿಂದೆ ಹಾರನ್ನುಗಳ ಸಂತೆ ಶುರುವಾಯಿತು. ಮೇಷ್ಟ್ರು ತಾವೇ ಇಳಿದು, ಅಜ್ಜನ ರಟ್ಟೆ ಹಿಡಿದು ಆಚೆ ದಾಟಿಸಿದರು.

"ಏ, ಬಿಡಯ್ಯ! ನಾನು ಬಸ್ಸಿಗೆ ಕಾಯ್ತಿದ್ದೆ!" ಅಜ್ಜ ಕೂಗುತ್ತಿರುವಾಗಲೇ ಈಚೆಯ ದಡದಲ್ಲಿ ಬಸ್ಸು ಬಂದು ನಿಂತು ಹೊರಟೇಹೋಯಿತು. ಅಜ್ಜ ಕೊಟ್ಟ ಆಶೀರ್ವಾದವನ್ನು ಹುಡುಗಿಗೆ ಕೇಳಿಸಬಾರದೆಂದು ಮೇಷ್ಟ್ರು ಓಡಿ ಬಂದು ಕಾರಿನ ಕಿಟಕಿ ಏರಿಸಿದರು.

ಮುಂದಿನ ವೃತ್ತದಲ್ಲಿ ಟ್ರಾಫಿಕ್ ಪೊಲೀಸಪ್ಪ ಕೈ ಅಡ್ಡ ಹಾಕಿದ. ಅವನ ಮುಖದಲ್ಲೂ ಅನುಮಾನ. "ಇಬ್ಬರಿಗೂ ಬೆಲ್ಟು. ತಿರುವಿಗೆ ಮುಂಚೆ ಸಿಗ್ನಲ್ಲು. ಹಳದಿಗೇ ನಿಲ್ಲಿಸ್ತೀರಾ. ಏನು ಸಮಾಚಾರ? ಗಾಡೀಲಿ ಏನು ಸಾಗಿಸ್ತಿದೀರಿ?"

"ಏನೂ ಇಲ್ಲ ಸಾರ್, ರೂಲ್ಸ್ ಪ್ರಕಾರ ಹೋಗ್ತಿದೀವಿ."

"ಅದೇ ಯಾಕೆ ಅಂತ!"

ಡಿಕ್ಕಿ ತೆರೆಸಿದ. ಸ್ಟೆಪ್ನಿ ಇರಬೇಕಾದ ಗುಂಡಿಯಲ್ಲಿ ಒಂದು ತಲೆದಿಂಬು ಬೆಚ್ಚಗೆ ಮಲಗಿತ್ತು. ಪೊಲೀಸಪ್ಪ ಅದನ್ನು ಹಿಸುಕಿ, ಮೂಸಿ, ಕಿವಿಗಿಟ್ಟು ಕೇಳಿ, ಕೊನೆಗೆ ಸ್ಟೆಪ್ನಿ ಇಲ್ಲವೆಂದು ಚೀಟಿ ಹರಿದುಕೊಟ್ಟ. ಹುಡುಗಿ ತುಟಿ ಕಚ್ಚಿ ಬೇರೆ ಕಡೆ ನೋಡಿದಳು. ಎಲ್ಲವನ್ನೂ ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದಾಳೆ ಎಂದು ಮೇಷ್ಟ್ರು ಬೆವರಿದರು.

ಮಧ್ಯಾಹ್ನ ಖಾಲಿ ಮೈದಾನದಲ್ಲಿ ರಿವರ್ಸ್. ಗೇರಿನ ಮೇಲೆ ಕೈಯಿಟ್ಟ ಹುಡುಗಿ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಆಗಲ್ಲ ಸರ್. ಹಿಂದೆ ಏನೋ ಒಡೆಯೋ ಸದ್ದು ಕೇಳಿಸುತ್ತೆ."

ಅಬ್ಬ, ಎಂಥಾ ನಟನೆ ಎಂದುಕೊಂಡರು ಮೇಷ್ಟ್ರು. ಆದರೆ ನಟನೆಯಾದರೇನು, ಇನ್‌ಸ್ಪೆಕ್ಟರು ನೋಡುತ್ತಿದ್ದಾಳೆ, ಕಲಿಸಲೇಬೇಕು. ಆಫೀಸಿನ ಕುರ್ಚಿಗಳನ್ನು ತರಿಸಿ ಸಾಲಾಗಿ ಇಟ್ಟರು. ಅವಳನ್ನು ಇಳಿಸಿ ಕಾರಿನ ಹಿಂದೆ ನೆಲದ ಮೇಲೆ ಕೂರಿಸಿ, ತಾವು ಸ್ಟೇರಿಂಗಿನಲ್ಲಿ ಕೂತರು.

"ಈಗ ನೀವು ನನಗೆ ಕಾಣ್ತಿಲ್ಲ. ಒಂದು ಮಗು ಅಲ್ಲಿ ಕೂತಿದ್ರೂ ಕಾಣಲ್ಲ. ಅದಕ್ಕೇ ಮೊದಲು ಇಳಿದು ನೋಡಬೇಕು, ಆಮೇಲೆ ಕನ್ನಡಿ, ಆಮೇಲೆ ಕತ್ತು ತಿರುಗಿಸಬೇಕು. ಗಾಡಿ ಓಡೋದು ಕೊನೆಗೆ."

ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಈ ಮಾತನ್ನು ತಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾವೂ ಯಾರಿಗೂ ಹೇಳಿರಲಿಲ್ಲ. ಎಷ್ಟು ಜನಕ್ಕೆ ಸಹಿ ಹಾಕಿಕೊಟ್ಟಿದ್ದೇನೆ ಎಂದು ಲೆಕ್ಕ ಹಾಕಹೊರಟು, ಹೆದರಿ ನಿಲ್ಲಿಸಿದರು.

ಐದು ಕುರ್ಚಿ ಮುರಿದವು. ಹದಿನೇಳನೇ ಸಲ ಕಾರು ಆರನೇ ಕುರ್ಚಿಗೆ ಒಂದು ಗೇಣು ಇರುವಾಗ ಮೆತ್ತಗೆ ನಿಂತಿತು. ಹುಡುಗಿ ಸ್ಟೇರಿಂಗಿಗೆ ಹಣೆಯಿಟ್ಟು ಬಿಕ್ಕಿ ಅತ್ತಳು. ಮೇಷ್ಟ್ರು ಆ ಕಣ್ಣೀರನ್ನೂ ನಂಬಲಿಲ್ಲ; ಆದರೂ ತಮ್ಮ ಕಣ್ಣು ಒರೆಸಿಕೊಂಡರು.

ಕೋರ್ಟಿಗೆ ಹೊರಡುವ ಮುನ್ನ ಕ್ಷೌರಿಕ ಅವರನ್ನು ಪಕ್ಕಕ್ಕೆ ಎಳೆದ. "ಅವಳು ವರದಿ ಕೊಡೋಕೆ ಮುಂಚೆ ನೀವೇ ಎಲ್ಲಾ ಒಪ್ಪಿಕೊಂಡ್ಬಿಡಿ. ತಾನಾಗೇ ಒಪ್ಪಿಕೊಂಡ್ರೆ ಶಿಕ್ಷೆ ಅರ್ಧ ಆಗುತ್ತೆ."

ಐದು ಗಂಟೆಗೆ ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿದರು. ಕೆಳಗೆ ಟೈಪಿಸ್ಟು ಬೆರಳು ಮುರಿಯುತ್ತಾ ಕೂತಿದ್ದ. "ಏನು ಮೇಷ್ಟ್ರೇ, ಕಲಿಸಿದ್ರಾ?"

"ಕಲಿಸಿದೆ ಸ್ವಾಮಿ, ಅಲ್ಲ, ಅಮ್ಮ. ಆದರೆ ಇವತ್ತೇ ಕಲಿಸಿದ್ದು. ಇಪ್ಪತ್ತೆರಡು ವರ್ಷದಲ್ಲಿ ಇವತ್ತೊಂದೇ ದಿನ!" ಕಟ್ಟೆ ಒಡೆದ ಕೆರೆಯಂತೆ ಎಲ್ಲವೂ ಹೊರಬಂತು. ಬೆಳಿಗ್ಗೆ ರಿಪೇರಿ ಮಾಡಿಸಿದ ಬ್ರೇಕು, ಬಾಚಣಿಗೆಯ ಚಿಕಿತ್ಸೆ, ಪಾರ್ಕಿನ ರೌಂಡಿನಲ್ಲಿ ಹೊಡೆದ ನಿದ್ದೆ, ಮುಖವನ್ನೂ ನೋಡದೆ ಹಾಕಿಕೊಟ್ಟ ಸಹಿ. ಟೈಪಿಸ್ಟನ ಯಂತ್ರ ಟಕಟಕನೆ ಅವರ ಹಿಂದೆಯೇ ಓಡಿತು.

"ನಿಲ್ಲಿ, ನಿಲ್ಲಿ. ಇದೆಲ್ಲ ಯಾಕೆ ಹೇಳ್ತಿದೀರಿ?"

"ಮೇಡಂ ಹೇಗೂ ವರದಿ ಕೊಡ್ತಾರಲ್ಲ."

"ಯಾವ ಮೇಡಂ?"

"ಇವರೇ. ಗುಪ್ತವಾಗಿ ಬಂದಿರೋ ಇನ್‌ಸ್ಪೆಕ್ಟರು."

ಹುಡುಗಿ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. "ನಾನಾ? ಸರ್, ನಾನು ಹಾಸಿಗೆ ಅಂಗಡಿ ಕೇಸು!"

ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿದರು. ನಗು ಬಂದರೂ ಆ ಕುರ್ಚಿಯಲ್ಲಿ ಕೂತು ನಗುವ ಹಾಗಿರಲಿಲ್ಲ. "ಮೇಷ್ಟ್ರೇ, ಈ ಮಗೂಗೆ ನಿಮ್ಮದು ನಾಲ್ಕನೇ ಶಾಲೆ. ಮೂರೂ ಕಡೆ ಅರ್ಧ ಗಂಟೇಲಿ ಸಹಿ ಹಾಕಿ ಕಳಿಸಿದ್ರು, ನಾನು ಹಿಂದಕ್ಕೆ ಕಳಿಸ್ದೆ. ಇವತ್ತು ನೀವು 'ಕಲಿಸಿದೆ' ಅಂತ ಒಂದೇ ಮಾತು ಹೇಳಿ ನಿಲ್ಲಿಸಿದ್ರೆ, ಶಭಾಷ್ ಅಂತ ಕಳಿಸ್ತಿದ್ದೆ. ನಿಮ್ಮ ಮೇಲೆ ಒಂದು ದೂರೂ ಇರಲಿಲ್ಲ."

"ಇರಲಿಲ್ವಾ?"

"ಈಗ ಇದೆ. ನೀವೇ ಬರೆಸಿದೀರಿ, ನಾಲ್ಕು ಪುಟ."

ಹುಡುಗಿಯ ಶಿಕ್ಷೆ ಮುಗಿಯಿತು. ಅವಳು ಮೇಷ್ಟ್ರ ಕಾಲು ಮುಟ್ಟುವುದೋ ಕೈ ಕುಲುಕುವುದೋ ತಿಳಿಯದೆ, ಎರಡನ್ನೂ ಅರ್ಧರ್ಧ ಮಾಡಿ ಹೋದಳು. ಮೇಷ್ಟ್ರ ಶಿಕ್ಷೆ ಶುರುವಾಯಿತು. ಶಾಲೆ ಮುಚ್ಚಿಸಿದರೆ ಯಾರಿಗೂ ಡ್ರೈವಿಂಗ್ ಬರುವುದಿಲ್ಲವಾದ್ದರಿಂದ ಜೈಲಿನ ಬದಲು ದುಡಿಮೆ: ಕೋರ್ಟಿನ ಪಟ್ಟಿಯಲ್ಲಿರುವ ಮೂವತ್ತೊಂದು ಹೊಸ ಚಾಲಕರಿಗೆ ಈ ಹುಡುಗಿಗೆ ಕಲಿಸಿದಂತೆಯೇ ಪುಕ್ಕಟೆಯಾಗಿ ಕಲಿಸಬೇಕು. ಅವರಲ್ಲಿ ಯಾರೊಬ್ಬರು ಮತ್ತೆ ಗುದ್ದಿದರೂ ಮೇಷ್ಟ್ರು ಬಂದು ಉತ್ತರ ಹೇಳಬೇಕು.

ಕಾಲೆಳೆಯುತ್ತಾ ಹೊರಗೆ ಬಂದ ಮೇಷ್ಟ್ರಿಗೆ ಮೊಗಸಾಲೆಯಲ್ಲಿ ಒಬ್ಬ ಉದ್ದನೆಯ ಯುವಕ ಎದ್ದು ನಿಂತು ನಮಸ್ಕರಿಸಿದ.

"ಸರ್, ಪಟ್ಟೀಲಿ ನಾನೇ ಒಂದನೇ ನಂಬರು. ನೀವು ಪಕ್ಕದಲ್ಲಿದ್ರೆ ಓಡಿಸಬಹುದು ಅಂತ ಆರ್ಡರಲ್ಲೇ ಇದೆ. ಮನೆ ತನಕ ಬಿಡ್ಲಾ?"

ಮೇಷ್ಟ್ರು ಅನುಮಾನದಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಂದು ಏನಪ್ಪ ಕೇಸು?"

"ಕೋರ್ಟಿನ ಗೇಟು, ಸರ್," ಎಂದ ಅವನು ನಾಚಿಕೆಯಿಂದ. "ಇನ್ನೊಂದು ಕೇಸಿಗೆ ಅಂತ ಬರುವಾಗಲೇ ಗುದ್ದಿದ್ದು. ಯಾವ ಕೇಸಿಗೆ ಅಂತ ದಾರೀಲಿ ಹೇಳ್ತೀನಿ, ಬನ್ನಿ."