ಪುಣೆಯಲ್ಲಿ ನಾನು ಬೆಳೆಸಿದ ಬನ್ನಿ

ಬನ್ನಿ ಮರ ಬೆಳೆಸುವುದು ಬಹಳ ಸುಲಭ. ಗರಸು ನೆಲ ಸಾಕು. ಗೊಬ್ಬರ ಬೇಡ, ನೀರೂ ಅಷ್ಟಕ್ಕಷ್ಟೇ. ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿದ ನನಗೆ ಇದ್ಯಾವ ದೊಡ್ಡ ಮಾತು ಎಂದುಕೊಂಡೆ.

ಆಸೆ ನನ್ನ ಅವ್ವನದು. ಮೊಣಕಾಲು ಹಿಡಿದ ಮೇಲೆ ಅವಳು ನಮ್ಮ ಮೂರನೇ ಮಹಡಿಯಿಂದ ಕೆಳಗಿಳಿದಿಲ್ಲ. "ದಸರಾಕ್ಕ ನನ್ನ ಕೈಯಾರೆ ನಾಕ ಮಂದಿಗೆ ಬನ್ನಿ ಕೊಡಬೇಕಪಾ. ಅದೊಂದ ಉಳದದ," ಅಂದಳು.

ಧಾರವಾಡದ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಬಿ.ಕಾಂ. ಪ್ರಥಮ ದರ್ಜೆಯಲ್ಲಿ ಪಾಸಾದ ವರ್ಷ, ದಸರೆಯ ದಿನ, ಅವ್ವ ಒಂದು ಎಸಳು ಬನ್ನಿ ನನ್ನ ಕೈಗಿಟ್ಟಿದ್ದಳು. "ನಮ್ಮ ಮನ್ಯಾಗ ಬಂಗಾರ ಅಂದ್ರ ಇದೊಂದು, ನೀ ಒಬ್ಬಾಂವ," ಅಂದಿದ್ದಳು. ಆ ಎಸಳನ್ನು ಡಿಗ್ರಿ ಸರ್ಟಿಫಿಕೇಟಿನ ಜೊತೆಗೇ ಗಾಜಿನ ಚೌಕಟ್ಟಿನೊಳಗೆ ಕೂಡಿಸಿದ್ದೆ. ಬಾಗಿಲು ತೆರೆದವರಿಗೆ ಮೊದಲು ಅದೇ ಕಾಣಬೇಕು, ಹಾಗೆ ತೂಗುಹಾಕಿದ್ದೆ.

ಬೇಸಿಗೆಯಲ್ಲಿ ಸಾಸವಡ ರಸ್ತೆಯ ಒಂದು ನರ್ಸರಿಗೆ ಹೋದೆ. ಬನ್ನಿಗೆ ಮರಾಠಿಯಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಲು ಡಿಗ್ರಿ ಬಿಡಲಿಲ್ಲ. ದಸರೆಗೆ ಬಂಗಾರವೆಂದು ಎಲೆ ಹಂಚುತ್ತಾರಲ್ಲ, ಆ ಗಿಡ ಕೊಡಿ ಎಂದೆ. ಆತ ಎಲೆಯೆಲ್ಲ ಉದುರಿದ ಒಂದು ಕಡ್ಡಿ ಕೊಟ್ಟ.

ನಮ್ಮ ಸೊಸೈಟಿಯ ಹಿಂದೆ ಗುಡ್ಡದ ನೆಲ. ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ. ಅರ್ಧ ದಿನ ಅಗೆದು, ಸೊಂಟ ಹಿಡಿಸಿಕೊಂಡು, ಕಡ್ಡಿಯನ್ನು ಪ್ರತಿಷ್ಠಾಪಿಸಿದೆ. ನೀರು ಬೇಡದ ಗಿಡಕ್ಕೆ ಪ್ರೀತಿಯಿಂದ ದಿನಾ ಎರಡು ಬಕೆಟ್ ಹೊಯ್ದೆ. ಅದು ಕಪ್ಪಗಾಯಿತು. ಆಮೇಲೆ ನಾನೊಬ್ಬನೇ ನೆಂಟರ ಮದುವೆಗೆಂದು ಬೆಳಗಾವಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೆ, ಚಿಗುರಿತ್ತು. ನಾನು ಇಲ್ಲದಿದ್ದರೆ ಎಲ್ಲವೂ ಚಿಗುರುತ್ತದೆ ಎಂದು ಹೆಂಡತಿ ಗಿರಿಜಾ ಅಭಿಪ್ರಾಯಪಟ್ಟಳು.

ಮೂರು ಮಳೆಗಾಲ ಕಳೆಯಿತು. ಗಿಡ ನನ್ನೆತ್ತರ ದಾಟಿತು.

"ರೀ, ಬನ್ನಿ ಎಲಿ ಸಣ್ಣ ಇರ್ತಾವಲ್ರೀ? ಇವು ಅಗಲ ಅದಾವ."

"ಪುಣೆ ಹವಾ ಗಿರಿಜಾ. ಊರಿಂದ ಬಂದಾಗ ನಾನೂ ಸಣ್ಣಗ ಇದ್ದೆ."

"ಮುಳ್ಳು?"

"ಬರ್ತಾವ. ಅವಸರ ಯಾಕ?"

ಪಕ್ಕದ ಮನೆಯ ಸುಲಭಾ ಕಾಕೂ ಒಮ್ಮೆ ಗಿಡ ನೋಡಿ, "ಅರೇ ವಾ, ಆಪಟಾ!" ಅಂದರು. ನನ್ನ ಕಿವಿಗೆ ಬಿದ್ದದ್ದು 'ಆಪ್ತ'. ಎಂಥ ಸಹೃದಯಿ ಎಂದು ಕಣ್ಣು ತುಂಬಿ ಬಂತು. "ಹೋ ಕಾಕೂ, ಫಾರ್ ಆಪ್ತ. ಆಯೀಸಾಠೀ," ಎಂದೆ. ಹೌದು, ಬಹಳ ಆಪ್ತ, ತಾಯಿಗಾಗಿ ಎಂದು. ಕಾಕೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಹೋದರು.

ಈ ದಸರೆಗೆ ನಾಲ್ಕು ಕನ್ನಡ ಮನೆಗಳವರನ್ನು ಕರೆದೆ. ಅವ್ವ ಇಳಕಲ್ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಳು. ನಾನು ಒಂದು ಟೊಂಗೆ ತಂದು, ನೆರೆದವರ ಎದುರು ಅವಳ ಮಡಿಲಲ್ಲಿಟ್ಟೆ. ಅವ್ವ ಎಲೆಯ ಮೇಲೆ ಬೆರಳಾಡಿಸಿದಳು. ಟೊಂಗೆ ತಿರುವಿದಳು.

"ಇದು ಏನೋ?"

"ಬನ್ನಿ, ಅವ್ವ."

"ತಾ ಬನ್ನಿ ಅಂತ ಈ ಗಿಡಕ್ಕ ಹೇಳೀಯೇನು?"

ಅಷ್ಟರಲ್ಲಿ ಕಾಕೂ ಬಂದು ಖುಷಿಯಿಂದ ವಿವರಿಸಿದರು: ಇದು ಆಪಟಾ, ನಮ್ಮ ಮರಾಠಿ ಮಂದಿ ದಸರೆಗೆ ಹಂಚುವ ಬಂಗಾರ. ನಿಮ್ಮ ಬನ್ನಿ ಅಂದರೆ ಶಮೀ, ಅದೇ ಬೇರೆ.

ಗಿರಿಜಾ ಸೆರಗು ಬಾಯಿಗಿಟ್ಟುಕೊಂಡಳು.

ಅವ್ವ ಗೋಡೆಯ ಕಡೆ ಕೈ ಮಾಡಿದಳು. "ಆ ಫೋಟೋ ಇಳಸು."

"ಅವ್ವ, ಅದು ಡಿಗ್ರಿ."

"ಗೊತ್ತದ. ಇಳಸು."

ಹಿಂದಿನ ಮೊಳೆ ಕಿತ್ತು ತೆಗೆದೆ. ಒಣಗಿದ ಎಸಳು ಇತ್ತು, ಕೂದಲೆಳೆಯಂಥ ಕಡ್ಡಿಗೆ ಜೀರಿಗೆಯಷ್ಟು ಎಲೆಗಳು. ದಿನಾ ಅದರ ಎದುರು ನಿಂತು ಕ್ರಾಪು ಬಾಚಿಕೊಂಡಿದ್ದೇನೆ. ನೋಡುತ್ತಿದ್ದದ್ದು ಸರ್ಟಿಫಿಕೇಟಿನ ಮೇಲಿನ ನನ್ನ ಹೆಸರನ್ನಷ್ಟೇ.

ಅವ್ವ ಒಂದೊಂದೇ ಎಲೆ ಬಿಡಿಸಿ ಎಲ್ಲರ ಅಂಗೈಗೂ ಇಟ್ಟಳು, ಕಾಕೂಗೂ. "ಬಂಗಾರದಂಗ ಇರೋಣ್ರೀ," ಅಂದಳು. ಮುಖ ಅರಳಿತ್ತು. ಕಾಕೂ ಆಪಟಾದ ಎಲೆ ಕಿತ್ತು ಅವ್ವನ ಕೈಗಿಟ್ಟರು. ಅವ್ವ ಅದನ್ನು ಹಣೆಗೊತ್ತಿಕೊಂಡು ನನಗೆ ಕೊಟ್ಟಳು. "ಖಾಲಿ ಆಗೇದಲ್ಲ, ಅದರಾಗ ಇದನ್ನ ಹಾಕು."

ಹಾಕಿದ್ದೇನೆ. ಈಗ ಬಾಗಿಲು ತೆರೆದವರಿಗೆ ಎರಡೂ ಒಟ್ಟಿಗೇ ಕಾಣುತ್ತವೆ: ಮೇಲೆ ಪ್ರಥಮ ದರ್ಜೆ, ಕೆಳಗೆ ತಪ್ಪು ಉತ್ತರ.