ಶಬ್ದದ ವೇಗಕ್ಕೊಂದು ಸುಗ್ರೀವಾಜ್ಞೆ

ಬಹಳ ಹಿಂದೆ, ಭೂಗೋಳದ ಪುಸ್ತಕಗಳಿನ್ನೂ ಅಚ್ಚಾಗದಿದ್ದುದರಿಂದ ಯಾರೂ ಆಕ್ಷೇಪಿಸಲಾಗದಂಥ ಒಂದು ರಾಜ್ಯವಿತ್ತು. ಹೆಸರು ಶ್ರವಣಾವತಿ. ಅದನ್ನಾಳುತ್ತಿದ್ದ ಪ್ರಚಂಡವರ್ಮ ಮಹಾರಾಜರಿಗೆ ಶಬ್ದಕ್ಕಿಂತ ವೇಗವಾಗಿ ಹಾರುವ ಯುದ್ಧವಿಮಾನವೊಂದು ಬೇಕಿತ್ತು. ಶತ್ರುಗಳಿರಲಿಲ್ಲ, ವಿಮಾನ ಬಂದ ಮೇಲೆ ಟೆಂಡರ್ ಕರೆದು ಆರಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು.

ವಿಮಾನದ ಶಂಕುಸ್ಥಾಪನೆ ಮಹಾರಾಜರ ತಾತನ ಕಾಲದಲ್ಲಿ ಆಯಿತು. ತಂದೆಯ ಕಾಲದಲ್ಲಿ ಉದ್ಘಾಟನೆಯೂ ಆಯಿತು. ಉಳಿದದ್ದು ತಯಾರಿಕೆ ಮಾತ್ರ. ಆ ಹೊಣೆಯನ್ನು ಮಹಾಮಂತ್ರಿ ತಥಾಸ್ತುರಾಯರು ತುಂಬಿದ ಸಭೆಯಲ್ಲಿ ಹೊತ್ತರು: "ಬರುವ ವರ್ಧಂತಿಯಂದು ವಿಮಾನವು ಶಬ್ದವನ್ನು ಹಿಂದೆ ಹಾಕದಿದ್ದರೆ ನನ್ನ ಪೇಟವನ್ನು ಹಿಂದಿರುಗಿಸುತ್ತೇನೆ." ಆ ರಾಜ್ಯದಲ್ಲಿ ಪೇಟವನ್ನು ತಲೆಯಿಂದ ಬಿಡಿಸಿ ಹಿಂದಿರುಗಿಸುವ ಪದ್ಧತಿಯಿರಲಿಲ್ಲ.

ವಿಮಾನ ಸಿದ್ಧವಾಯಿತು. ಆದರೆ ಹೊರುವವರಿಲ್ಲದ ರಾಜವಾಹನವು ಶ್ರವಣಾವತಿಯಲ್ಲಿ ಶಾಸ್ತ್ರಸಮ್ಮತವಲ್ಲ. ಪಲ್ಲಕ್ಕಿ ಹೊರುವವರ ಸಂಘವು ವಂಶಪಾರಂಪರ್ಯದ ಹಕ್ಕನ್ನು ಮುಂದಿಟ್ಟಾಗ, ಎಂಟು ಮಂದಿ ಕಟ್ಟಾಳುಗಳನ್ನು ಹೊರುವ ದಂಡಿಗೆಗಳ ಸಮೇತ ವಿಮಾನದೊಳಗೆ ಕೂರಿಸಲಾಯಿತು. ಛತ್ರ ಇಲಾಖೆಯು ಮೇಲೊಂದು ಛತ್ರ ಜೋಡಿಸಿತು. ಚಾಮರ ಇಲಾಖೆಯು ತಾನೇನು ಕಡಿಮೆಯೆಂದು ಬೀಸುವವರನ್ನೂ ಅವರ ಮೇಲ್ವಿಚಾರಕನನ್ನೂ ಹತ್ತಿಸಿತು. ಪರೀಕ್ಷಾರ್ಥ ಹಾರಾಟದಲ್ಲಿ ವಿಮಾನವನ್ನು ಒಂದು ಕೊಕ್ಕರೆ ಹಿಂದೆ ಹಾಕಿತು. ತಿರುಗಿ ನೋಡುವ ಸೌಜನ್ಯವನ್ನೂ ತೋರಲಿಲ್ಲ.

ಕೆಳಗಿಳಿದ ವೈಮಾನಿಕ ಬೊಮ್ಮರಸ ಮಂತ್ರಿಗಳ ಮುಂದೆ ನಿಂತು ಬೆವರು ಒರೆಸಿಕೊಂಡ. "ಸ್ವಾಮಿ, ಆ ಎಂಟು ಜನಾನ ಇಳಿಸಿ. ಛತ್ರಿ ಕೀಳಿಸಿ. ಆಮೇಲೆ ನೋಡಿ, ಹೆಂಗ್ ಹೋಗ್ತದೆ ಅಂತ."

"ಸಂಘದವರು ಮುಷ್ಕರ ಹೂಡುತ್ತಾರಪ್ಪಾ."

"ಹಂಗಾದ್ರೆ ಇನ್ನೊಂದು ಕೇಳಿ. ಇಷ್ಟು ಭಾರಕ್ಕೆ ಬ್ರೇಕು ಹಿಡಿಯಲ್ಲ."

"ಅದು ಇಳಿಯುವಾಗಿನ ಮಾತು. ನನ್ನ ತಲೆ ಉಳಿಯಬೇಕಾದದ್ದು ಏರುವಾಗ."

ಭಿನ್ನರಾಶಿ ಬಲ್ಲ ಮನುಷ್ಯ ಸುಲಭಕ್ಕೆ ಸಾಯುವುದಿಲ್ಲ. ಮರುದಿನ ತಥಾಸ್ತುರಾಯರು ದರ್ಬಾರಿನಲ್ಲಿ ವಿಜ್ಞಾಪಿಸಿದರು: "ಮಹಾಪ್ರಭು, ವಿಮಾನದ ವೇಗ ಅಂಶ, ಶಬ್ದದ ವೇಗ ಛೇದ. ಭಾಗಲಬ್ಧ ಒಂದನ್ನು ದಾಟಬೇಕು. ಅಂಶವೋ ಏರಲೊಲ್ಲದು. ಆದಕಾರಣ ಛೇದವನ್ನು ಇಳಿಸೋಣ."

"ಶಬ್ದ ಒಪ್ಪುತ್ತದೆಯೇ?"

"ಅದೂ ತಮ್ಮ ಪ್ರಜೆಯೇ ಅಲ್ಲವೇ, ಪ್ರಭು?"

ಮಹಾರಾಜರು ಪುಳಕಿತರಾದರು. "ನಮ್ಮ ತಂದೆಯವರಿಗೆ ಇದು ಹೊಳೆಯಲೇ ಇಲ್ಲವಲ್ಲ."

"ಅವರ ಕಾಲದಲ್ಲಿ ಶಬ್ದಕ್ಕೆ ಇಷ್ಟು ಭಯಭಕ್ತಿ ಇರಲಿಲ್ಲ, ಪ್ರಭು."

ಅಂದೇ ಸುಗ್ರೀವಾಜ್ಞೆ ಹೊರಟಿತು. ಇನ್ನು ಮುಂದೆ ಶಬ್ದವು ಗಬ್ಬದ ಎಮ್ಮೆಯ ನಡಿಗೆಯನ್ನು ಮೀರತಕ್ಕದ್ದಲ್ಲ. ಅವಧಿಗೆ ಮುನ್ನ ಕೇಳಿಸಿಕೊಂಡವರು ಅಕಾಲಶ್ರವಣದ ಅಪರಾಧಿಗಳು. ಬಹುಪರಾಕಿಗೆ ಮಾತ್ರ ವಿನಾಯಿತಿ.

ಪ್ರಜೆಗಳು ಬೇಗ ಒಗ್ಗಿಕೊಂಡರು. ಹೊಲದಿಂದ ಅತ್ತೆ ಕೂಗಿ ಬೈದದ್ದಕ್ಕೆ ಸೊಸೆ ಊಟ ಮುಗಿಸಿ, ಕೈ ತೊಳೆದು, ಕಾಲಕ್ಕೆ ಸರಿಯಾಗಿ ಅತ್ತಳು. ಸಂಗೀತ ಕಚೇರಿಯಲ್ಲಿ ಮುಂದಿನವರು ಮಂಗಳಕ್ಕೆ ಕೈಮುಗಿದು ಎದ್ದರೆ, ಹಿಂದಿನವರು ಶ್ರುತಿ ಸೇರಿಸುವುದಕ್ಕೇ ತಲೆದೂಗುತ್ತಿದ್ದರು.

ವರ್ಧಂತಿಯಂದು ವಿಮಾನ ಹಾರಿ ಶಬ್ದವನ್ನು ನಿರಾಯಾಸವಾಗಿ ಹಿಂದೆ ಹಾಕಿತು. ತಥಾಸ್ತುರಾಯರು ಕುತ್ತಿಗೆಯನ್ನೊಮ್ಮೆ ಸವರಿಕೊಂಡರು. ಇಳಿಯುವಾಗ ಬ್ರೇಕು ಹಿಡಿಯಲಿಲ್ಲ. ವಿಮಾನ ನೆಟ್ಟಗೆ ಕುಂಬಾರಗೇರಿಯತ್ತ ನುಗ್ಗಿತು. ಬೊಮ್ಮರಸ ಹೊರಗೆ ತಲೆ ಹಾಕಿ, "ಸರ್ಕೊಳ್ರಪ್ಪಾ, ಸರ್ಕೊಳ್ರಿ" ಎಂದು ಕೂಗಿದ.

ಜನ ಗಡಿಗೆಗಳನ್ನೆತ್ತಿಕೊಂಡು ಓಡಹೊರಟರು. ಪೇದೆ ಲಾಠಿ ಅಡ್ಡ ಹಿಡಿದ. "ಎಲ್ಲಿಗ್ರಯ್ಯಾ? ನಿಮಗಿನ್ನೂ ಕೇಳ್ಸಿಲ್ಲ."

"ಕಣ್ಣಿಗೆ ಕಾಣ್ತಾ ಐತಲ್ಲಪ್ಪಾ," ಎಂದಳು ಮುದುಕಿ ಸಂಕವ್ವ.

"ನೋಡೋಕೆ ಅಡ್ಡಿಯಿಲ್ಲ ಕಣಜ್ಜಿ. ನಿಂತ್ಕೊಂಡು ನೋಡು."

ಗಡಿಗೆಗಳೂ ಅವನ್ನು ಸುಡುವ ಆವಿಗೆಯೂ ಸಾಲುಮನೆಗಳ ಹೆಂಚುಗಳೂ ಒಂದೇ ಏಟಿಗೆ ಮಣ್ಣಾದವು. ಪೇದೆಯನ್ನು ನೂಕಿ ಓಡಿದವರಿಗೆ ದಂಡ ಬಿತ್ತು. ನಿಂತವರಿಗೆ ಬೇರೆ ದಂಡ ಬೇಕಾಗಲಿಲ್ಲ. ಪಲ್ಲಕ್ಕಿಯವರು ಕೆಳಗಿಳಿದು ವಿಮಾನವನ್ನು ಹೆಗಲಿಗೇರಿಸಿದರು. ಅದರ ಸೇವಾವಧಿಯ ಅತಿ ಸುಗಮವಾದ ಸಂಚಾರ ಅದೇ.

ಮರುದಿನ ದರ್ಬಾರಿನಲ್ಲಿ ವಿಮಾನಕ್ಕೆ 'ಶಬ್ದಾರಿ' ಎಂಬ ಬಿರುದನ್ನೂ ಮಂತ್ರಿಗಳ ಪೇಟಕ್ಕೆ ವಜ್ರದ ತುರಾಯಿಯನ್ನೂ ದಯಪಾಲಿಸಲಾಯಿತು. ಅರಮನೆಯ ಕೆರೆಯಾಚೆ, ಪ್ರಜೆಗಳು ನಿಲ್ಲುವ ಜಾಗದಿಂದ, ಸಂಕವ್ವ ಕೂಗಿದಳು: "ಬುದ್ಧೀ, ನನ್ ಗಡಿಗೆ ಒಂದೂ ಉಳೀಲಿಲ್ಲ. ಸೂರೂ ಇಲ್ಲ. ನಾನೆಲ್ಲಿಗೆ ಹೋಗ್ಲಿ?"

ಮಹಾರಾಜರು ಮಂತ್ರಿಗಳತ್ತ ಬಾಗಿದರು. "ಆ ಮುದುಕಿ ಬಾಯಿ ಆಡಿಸುತ್ತಿದ್ದಾಳಲ್ಲ, ಏನಂತೆ?"

"ಇನ್ನೂ ತಲುಪಿಲ್ಲ, ಪ್ರಭು. ನಡುವೆ ಕೆರೆಯಿದೆ. ಎಮ್ಮೆ ನೀರಿಗಿಳಿದರೆ ಬೇಗ ಏಳುವುದಿಲ್ಲ."

"ಕೆರೆ ಇಷ್ಟು ಉಪಕಾರಿಯೆಂದು ನಮಗೆ ತಿಳಿದಿರಲಿಲ್ಲ," ಎಂದರು ಮಹಾರಾಜರು. ಇನ್ನೂ ಆರು ಕೆರೆಗಳನ್ನು ಪ್ರಜೆಗಳ ಬಿಟ್ಟಿ ದುಡಿಮೆಯಿಂದ ತೋಡಿಸುವಂತೆ ಅಲ್ಲಿಯೇ ಅಪ್ಪಣೆಯಾಯಿತು. ಅಗೆಯುವವರ ಸಾಲಿನಲ್ಲಿ ಸಂಕವ್ವನನ್ನು ಮೊದಲಿಗೆ ನಿಲ್ಲಿಸಿದರು. ಮಣ್ಣಿನ ಕೆಲಸ ಬಲ್ಲವಳೆಂದು.