ಲಗ್ನಪತ್ರಿಕೆ ಬರೆಯೋ ಪೆಟ್ಟಿಗೆ

ಮಿಷನ್‌ಗೆ ಕನ್ನಡ ಬರೆಯೋಕೆ ಕಲಿಸಿದೋನು ನೆಮ್ಮದಿಯಾಗಿ ಕೂತಿದ್ದನ್ನ ನಾನಂತೂ ಕಂಡಿಲ್ಲ. ಒಂದನ್ನ ರಿಪೇರಿ ಮಾಡೋಷ್ಟ್ರಲ್ಲಿ ಇನ್ನೊಂದು ಎಡವಟ್ಟು ಬಾಗಿಲಲ್ಲಿ ನಿಂತಿರುತ್ತೆ.

ತೊಂಬತ್ತರ ದಶಕದ ಕೊನೆ. ತುಮಕೂರಿನ ಒಂದು ಡಿಟಿಪಿ ಅಂಗಡೀಲಿ ಆಹ್ವಾನಪತ್ರಿಕೆ ಜೋಡಿಸ್ತಿದ್ದೆ. ಯಜಮಾನರು ರಷ್ಯಾದಲ್ಲಿ ಓದಿ ಬಂದವರು. "ರಷ್ಯನ್‌ನಲ್ಲಿ ಪದಗಳನ್ನ ಹಿಂದೆಮುಂದೆ ಹೆಂಗ್ ಬೇಕಾದ್ರೂ ಇಡ್ಬೋದು ಕಣೋ. ಗೊತ್ತಿರೋದು ಮೊದ್ಲು, ಹೊಸದು ಕೊನೇಲಿ. ಅಲ್ಲಿ ಕಂಪ್ಯೂಟರೇ ಹಂಗೆ ಬರೆಯುತ್ತೆ. ನೀನೂ ಬರೆಸು, ಕೆಲಸ ಖಾಯಂ ಮಾಡ್ತೀನಿ," ಅಂದರು.

ಕೆಲಸ ಖಾಯಂ ಆದ್ರೇನೇ ಕುಣಿಗಲ್ಲಿನವರು ನನಗೆ ಹೆಣ್ಣು ಕೊಡೋದು! ಕೂರಲಾರದೆ ನಿಲ್ಲಲಾರದೆ ಪ್ರೋಗ್ರಾಂ ಬರೆದೆ. ಹಳೇ ಕಾರ್ಡುಗಳಲ್ಲಿ ಹೆಚ್ಚು ಸಲ ಬಂದದ್ದು 'ಗೊತ್ತಿರೋದು', ಅದು ಮೇಲೆ; ಕಮ್ಮಿ ಬಂದದ್ದು 'ಹೊಸದು', ಅದು ಕೆಳಗೆ.

೧. ಉಪ್ಪಾರಹಳ್ಳಿ ಗೃಹಪ್ರವೇಶ

ಎಲ್ಲಾ ಕಾರ್ಡಲ್ಲೂ ಇರೋದು 'ಆಶೀರ್ವಾದವೇ ಉಡುಗೊರೆ'. ಮಿಷನ್ ಅದನ್ನೇ ದಪ್ಪಕ್ಷರದಲ್ಲಿ ಮೇಲೆ ಹಾಕಿ, 'ಗೃಹಪ್ರವೇಶ' ಅನ್ನೋದನ್ನ ಕಟ್ಟಕಡೆಗೆ ತಳ್ಳಿತು.

ಮನೆಯವರು ಓಡಿ ಬಂದರು. "ಎಲ್ರೂ ಬರಿಗೈಲಿ ಬಂದ್ರು, ಹೊಟ್ಟೆ ತುಂಬಾ ಉಂಡ್ರು, ಹೋಗ್ತಾ 'ಏನ್ ವಿಶೇಷ?' ಅಂದ್ರು ಕಣಯ್ಯಾ!"

೨. ಗುಬ್ಬಿಯ ಅಕ್ಕ-ತಂಗಿ

ಆಮೇಲೆ ಗುಬ್ಬಿಯ ಒಬ್ಬರು ಹಿರಿಯರು ತಮ್ಮನೆ ಕಾರ್ಡು ಹಿಡ್ಕೊಂಡು ಬಂದು, "ಏನ್ಲಾ, ನನ್ ತಮ್ಮನ್ನ ನನ್ ತಲೆ ಮೇಲೆ ಕೂರಿಸಿದ್ದೀಯಾ?" ಅಂತ ಉಗಿದರು. ಸರಿ, ಇನ್ಮೇಲೆ ಹೆಸರುಗಳು ವಯಸ್ಸಿನ ಪ್ರಕಾರ ಬರಲಿ ಅಂತ ತಿದ್ದಿದೆ.

ಮಾರನೇ ದಿನ ಅದೇ ಊರಿನ ಅಕ್ಕ-ತಂಗಿ ಬಂದರು. ವಯಸ್ಸು ಕೇಳಿದೆ. "ಅವಳಿಗಿಂತ ಎರಡು ವರ್ಷ ಚಿಕ್ಕೋಳು ಅಂತ ಹಾಕ್ಕೊಳ್ಳಿ," ಅಂದರು ಒಬ್ಬರು. ಇನ್ನೊಬ್ಬರೂ ಅದನ್ನೇ ಅಂದರು. ಹಾಕಿದೆ. ಮಿಷನ್ ನಿಂತೇ ಹೋಯ್ತು.

೩. ನನ್ನದೇ ಕಾರ್ಡು

ವಯಸ್ಸಿನ ಲೆಕ್ಕ ಕಿತ್ತುಹಾಕಿ ಹಳೇ ಲೆಕ್ಕಕ್ಕೇ ಬಂದ್ಮೇಲೆ ಮಿಷನ್ ಮತ್ತೆ ಓಡ್ತು. ಅಂತೂ ಕೆಲಸ ಖಾಯಂ ಆಯ್ತು. ಯಜಮಾನರದು ಒಂದೇ ಹಟ: "ನಿನ್ ಲಗ್ನಪತ್ರಿಕೆ ಮಿಷನ್ನೇ ಬರೀಬೇಕು. ನೀನು ಕೈ ಹಾಕೂಡ್ದು." ನನಗೋ ಅವಸರ. ಓದಿ ನೋಡದೇನೇ ಪ್ರಿಂಟ್ ಹಾಕಿಸಿ, ಕಟ್ಟು ಹೊತ್ಕೊಂಡು ಕುಣಿಗಲ್ ಬಸ್ ಹತ್ತಿದೆ.

ಮಾವನವರು ಕನ್ನಡಕ ಏರಿಸಿ ಓದಿ ಕೆಂಪಾದರು. "ಏನಿದು? ಮನೆದೇವ್ರಿಗಿಂತ ಮೇಲೆ ಅಳಿಯನ ಹೆಸ್ರು!"

ಆಗ ನನಗೆ ಹೊಳೀತು. ಅಂಗಡಿಯಿಂದ ಹೋದ ಪ್ರತಿ ಕಾರ್ಡಿನ ಅಡೀಲೂ 'ಅಕ್ಷರ ಜೋಡಣೆ' ಅಂತ ನನ್ನ ಹೆಸರು ಇರ್ತಿತ್ತು. ದೇವರು ಮನೆಗೊಬ್ಬರು, ನಾನು ಮಾತ್ರ ಎಲ್ಲಾ ಕಡೆ. ಹುಡುಗಿ ಮಿಷನ್‌ಗೆ ಹೊಸಬಳು, ಅವಳ ಹೆಸರು ಕಟ್ಟಕಡೆಗೆ.

"ಇಂಥಾ ಅಹಂಕಾರದೋನು ನಮ್ಗೆ ಬ್ಯಾಡ," ಅಂತ ಮಾವ ಎದ್ದೇಬಿಟ್ಟರು. ನನಗೆ ಅಳುವೇ ಬಂತು.

ಮೂಲೇಲಿ ಎಲೆಅಡಿಕೆ ಕುಟ್ಟುತ್ತಿದ್ದ ಅವರ ತಾಯಿ ತಲೆ ಎತ್ತಿದರು. "ಬುಡ್ಲಾ ಮಗ. ಮದ್ವೆ ಒಂದ್ ಆಗ್ಲಿ, ತಾನೇ ಕೆಳಕ್ಕಿಳೀತಾನೆ."

ಇಳಿದಿದ್ದೀನಿ.